ಮೆಮೊರಿ ಕಾರ್ಡ್: ದೊಡ್ಡ ಅಕ್ಷರ ಬಿಡಿ, ಸಣ್ಣ ಅಕ್ಷರ ಓದಿ

ರಾತ್ರಿ ಒಂದೂವರೆ ಗಂಟೆ. ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ. ಮಹಿಷಾಸುರ ಬಣ್ಣ ಹಚ್ಚುವ ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವುದಿಲ್ಲ, ಜನರ ನಡುವಿನಿಂದ ನುಗ್ಗಿ ಬರುತ್ತಾನೆ. ಎರಡೂ ಕಡೆ ದೊಂದಿ ಹಿಡಿದವರು. ರಾಳದ ಪುಡಿ ಎರಚಿದರು, ಬೆಂಕಿ ಭಗ್ಗೆಂದು ಎದ್ದಿತು, ಚೆಂಡೆಯ ಏಟು ಏರಿತು. ಅದೇ ಹೊತ್ತಿಗೆ ನನ್ನ ಕ್ಯಾಮೆರಾದ ಕೆಂಪು ದೀಪ ಆರಿಹೋಯಿತು. ಪರದೆಯ ಮೇಲೆ ಒಂದೇ ಸಾಲು: ಕಾರ್ಡಿನ ವೇಗ ಸಾಲದು, ರೆಕಾರ್ಡಿಂಗ್ ನಿಂತಿದೆ.

ಮತ್ತೆ ಬಟನ್ ಒತ್ತಿ ಶುರು ಮಾಡುವಷ್ಟರಲ್ಲಿ ಮಹಿಷಾಸುರ ರಂಗಸ್ಥಳ ಹತ್ತಿ ಆಗಿತ್ತು. ಆಟಕ್ಕೆ ಬರಲಾಗದ ಮಾವನಿಗೆ ಆ ಪ್ರವೇಶವನ್ನೇ ತೋರಿಸಬೇಕು ಅಂತ ನಾನು ಕ್ಯಾಮೆರಾ ಹಿಡಿದು ಹೋಗಿದ್ದು. ಅದೊಂದು ಮಾತ್ರ ಸಿಗಲಿಲ್ಲ.

ಮನೆಗೆ ಬಂದು ಕಾರ್ಡು ತೆಗೆದು ನೋಡಿದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಸೆಕೆಂಡಿಗೆ 100 ಎಂಬಿ, ಅಂದರೆ ಮೆಗಾಬೈಟ್, ಎಂದಿತ್ತು. ಕ್ಯಾಮೆರಾದ ಪುಸ್ತಿಕೆ ತೆರೆದೆ. 4ಕೆ ವಿಡಿಯೊಗೆ ಬೇಕಾಗಿದ್ದು ಸೆಕೆಂಡಿಗೆ 100 ಮೆಗಾಬಿಟ್. ಎರಡೂ ನೂರೇ ಅನ್ನಿಸುತ್ತದೆ, ಅಲ್ವಾ? ಆದರೆ ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನಲ್ಲಿ ಸಣ್ಣ ಬಿ ಬರೆದರೆ ಬಿಟ್, ದೊಡ್ಡ ಬಿ ಬರೆದರೆ ಬೈಟ್. ಕ್ಯಾಮೆರಾಗಳು ಬಿಟ್‌ನಲ್ಲಿ ಮಾತಾಡುತ್ತವೆ, ಕಾರ್ಡುಗಳು ಬೈಟ್‌ನಲ್ಲಿ. ಲೆಕ್ಕ ಹಾಕಿದರೆ ನನ್ನ ಕ್ಯಾಮೆರಾ ಕೇಳಿದ್ದು ಸೆಕೆಂಡಿಗೆ ಬರೀ 12.5 ಎಂಬಿ. ನೂರು ಕೊಡುತ್ತೇನೆ ಎಂದ ಕಾರ್ಡು ಹನ್ನೆರಡೂವರೆಗೆ ಸೋತಿತ್ತು.

ಇದು ಹೇಗೆ ಆಗುತ್ತದೆ ಎನ್ನುವುದು ಗೊತ್ತಾದರೆ ಅಂಗಡಿಯಲ್ಲಿ ಯಾವ ಕಾರ್ಡು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಮುಕ್ಕಾಲು ಪಾಲು ಮುಗಿದ ಹಾಗೆ.

ಉಗುರಿನಗಲದ ಮೇಲೆ ಏನೇನು ಬರೆದಿದೆ

ಮೈಕ್ರೊ ಎಸ್‌ಡಿ ಕಾರ್ಡು 15 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪ. ಅದರ ಮೇಲೆ ಏಳೆಂಟು ಗುರುತುಗಳು ಇರುತ್ತವೆ. ಬರಿಗಣ್ಣಿಗೆ ಕಾಣದಿದ್ದರೆ ಫೋನಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಿ. ನಾನು ಆ ದಿನ ಮಾಡಿದ್ದೂ ಅದನ್ನೇ.

ದೊಡ್ಡದಾಗಿ ಬರೆದ 100, 150, 200 ಎನ್ನುವ ಸಂಖ್ಯೆ ಹೆಚ್ಚಿನ ಸಲ ಓದುವ ವೇಗ. ಅಂದರೆ ಕಾರ್ಡಿನಲ್ಲಿ ಆಗಲೇ ಇರುವುದನ್ನು ಹೊರಗೆ ತೆಗೆಯುವ ವೇಗ. ಅದೂ 'ಇಷ್ಟರವರೆಗೆ' ಎಂಬ ಲೆಕ್ಕ, ಅತಿ ಚೆನ್ನಾಗಿ ಓಡಿದಾಗ ಸಿಗುವ ವೇಗ. ರೆಕಾರ್ಡಿಂಗ್‌ಗೆ ಬೇಕಾಗಿರುವುದು ಬರೆಯುವ ವೇಗ. ಅದರಲ್ಲೂ ಅತಿ ಕೆಟ್ಟ ಗಳಿಗೆಯಲ್ಲಿ ಎಷ್ಟು ಎಂಬುದು. ಬಸ್ಸು ಇಳಿಜಾರಿನಲ್ಲಿ ಎಷ್ಟು ಜೋರಾಗಿ ಓಡುತ್ತದೆ ಎಂದು ತಿಳಿದು ನಮಗೆ ಪ್ರಯೋಜನವಿಲ್ಲ. ಆಗುಂಬೆ ಘಾಟಿ ಹತ್ತುವಾಗ ನಿಲ್ಲದೆ ಹತ್ತುತ್ತದೆಯೇ ಎಂಬುದು ಮುಖ್ಯ.

ಆ ಕನಿಷ್ಠ ವೇಗದ ಖಾತರಿ ಸಣ್ಣ ಗುರುತುಗಳಲ್ಲಿ ಇದೆ. ಇಂಗ್ಲಿಷಿನ ಸಿ ಅಕ್ಷರದೊಳಗೆ 10 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯುತ್ತದೆ. ಯು ಅಕ್ಷರದೊಳಗೆ 1 ಇದ್ದರೂ ಅದೇ 10 ಎಂಬಿ. ಯು ಒಳಗೆ 3 ಇದ್ದರೆ 30 ಎಂಬಿ. ವಿ ಅಕ್ಷರದ ಗುರುತು ಇನ್ನೂ ಸುಲಭ. ವಿ30 ಅಂದರೆ 30, ವಿ60 ಅಂದರೆ 60, ವಿ90 ಅಂದರೆ 90. ಇವು ಕಂಪನಿಯವರು ಜಾಹೀರಾತಿಗೆ ಬರೆದುಕೊಂಡ ಸಂಖ್ಯೆಗಳಲ್ಲ. ಎಸ್‌ಡಿ ಅಸೋಸಿಯೇಷನ್ ಎಂಬ ಸಂಸ್ಥೆ ಇಟ್ಟ ಅಳತೆಗಳು. 1999ರಲ್ಲಿ ಸ್ಯಾನ್‌ಡಿಸ್ಕ್, ಪ್ಯಾನಸೋನಿಕ್, ತೋಷಿಬಾ ಮೂರೂ ಸೇರಿ ಎಸ್‌ಡಿ ಕಾರ್ಡನ್ನು ಹೊರತಂದವು. ಮರುವರ್ಷ ಈ ಸಂಸ್ಥೆಯನ್ನು ಕಟ್ಟಿದವು.

ನನ್ನ ಕಾರ್ಡಿನಲ್ಲಿ ಯು ಒಳಗೆ ಇದ್ದದ್ದು 1. ಅದು ಮಾತು ಕೊಟ್ಟಿದ್ದೇ 10 ಎಂಬಿಗೆ. ಕ್ಯಾಮೆರಾ ಕೇಳಿದ್ದು ಹನ್ನೆರಡೂವರೆ. ತಪ್ಪು ಕಾರ್ಡಿನದ್ದಲ್ಲ. ನಾನು ತಪ್ಪು ಸಂಖ್ಯೆ ಓದಿದ್ದೆ.

ಆದರೂ ಒಂದು ಪ್ರಶ್ನೆ ಉಳಿಯಿತು. ಅದೇ ಕಾರ್ಡು ಅಲ್ಲಿಯವರೆಗೆ ಮೂರು ಗಂಟೆ ಕಾಲ ಸುಮ್ನೆ ಕೆಲಸ ಮಾಡಿತ್ತಲ್ಲ? ಸರಿಯಾಗಿ ದೊಂದಿ ಹೊತ್ತಿದಾಗಲೇ ಯಾಕೆ ನಿಂತಿತು?

ಅಂಗಳ ತುಂಬಿದಾಗ

ಇದಕ್ಕೆ ಕಾರ್ಡಿನ ಒಳಗೆ ಹೋಗಬೇಕು. ಒಳಗಿರುವುದು ಫ್ಲಾಶ್ ಮೆಮೊರಿ. ಇದನ್ನು ಕಂಡುಹಿಡಿದವರು ತೋಷಿಬಾದಲ್ಲಿದ್ದ ಜಪಾನಿನ ಎಂಜಿನಿಯರ್ ಫುಜಿಯೊ ಮಸುವೊಕಾ, 1980ರ ದಶಕದಲ್ಲಿ. ಕೋಟಿಗಟ್ಟಲೆ ಪುಟ್ಟ ಕೋಶಗಳು. ಪ್ರತಿ ಕೋಶದೊಳಗೆ ಸ್ವಲ್ಪ ವಿದ್ಯುತ್ತನ್ನು ಸೆರೆಹಿಡಿದು ಇಡುತ್ತಾರೆ. ಬ್ಯಾಟರಿ ಇಲ್ಲದಿದ್ದರೂ ಅದು ಅಲ್ಲೇ ಕೂತಿರುತ್ತದೆ. ಹಾಗಾಗಿ ಕಾರ್ಡು ಜೇಬಿನಲ್ಲಿದ್ದರೂ ಫೋಟೊ ಅಳಿಯುವುದಿಲ್ಲ.

ಇದರಲ್ಲಿ ಒಂದು ವಿಚಿತ್ರವಿದೆ. ಸ್ಲೇಟಿನ ಮೇಲೆ ಒಂದೊಂದೇ ಸಾಲು ಬರೆಯಬಹುದು, ಆದರೆ ಒರೆಸುವಾಗ ಇಡೀ ಸ್ಲೇಟನ್ನೇ ಒರೆಸಬೇಕು ಎಂದುಕೊಳ್ಳಿ. ಫ್ಲಾಶ್ ಮೆಮೊರಿ ಹಾಗೆಯೇ. ಬರೆಯುವುದು ಪುಟಪುಟವಾಗಿ, ಅಳಿಸುವುದು ನೂರಾರು ಪುಟದ ಕಂತೆಕಂತೆಯಾಗಿ. ಒಂದು ಕಂತೆಯಲ್ಲಿ ಎರಡು ಪುಟ ಹಳತಾಗಿ ಉಳಿದವು ಬೇಕಾದವೇ ಆಗಿದ್ದರೆ, ಬೇಕಾದವನ್ನೆಲ್ಲ ಬೇರೆಡೆ ನಕಲು ಮಾಡಿ ಆಮೇಲೆ ಒರೆಸಬೇಕು. ಈ ಕೆಲಸ ನೋಡಿಕೊಳ್ಳಲು ಕಾರ್ಡಿನೊಳಗೆ ಒಂದು ಸಣ್ಣ ಕಂಟ್ರೋಲರ್ ಚಿಪ್ ಇದೆ. ಅರ್ಧ ತುಂಬಿದ ಕಾರ್ಡು ಹೊಸ ಕಾರ್ಡಿಗಿಂತ ನಿಧಾನ ಆಗುವುದು ಇದೇ ಕಾರಣಕ್ಕೆ.

ಇನ್ನೊಂದು ಸಂಗತಿ. ಇವತ್ತಿನ ಸಾಮಾನ್ಯ ಕಾರ್ಡುಗಳಲ್ಲಿ ಒಂದು ಕೋಶದಲ್ಲಿ ಮೂರು ಬಿಟ್ ಇಡುತ್ತಾರೆ. ಮೂರು ಬಿಟ್ ಇಡಬೇಕಾದರೆ ಎಂಟು ಬೇರೆ ಬೇರೆ ಮಟ್ಟದಲ್ಲಿ ವಿದ್ಯುತ್ ತುಂಬಬೇಕು. ಲೋಟ ತುಂಬಿದೆಯೇ ಖಾಲಿಯೇ ಎಂದು ನೋಡುವುದು ಸುಲಭ. ಎಂಟು ಗೆರೆಗಳಲ್ಲಿ ಯಾವ ಗೆರೆಗೆ ನೀರು ಬಂತು ಎಂದು ನೋಡಿ ನೋಡಿ ತುಂಬುವುದಕ್ಕೆ ಸಮಯ ಹಿಡಿಯುತ್ತದೆ. ಅದಕ್ಕೆ ಬರೆಯುವುದು ನಿಧಾನ. ಈ ನಿಧಾನವನ್ನು ಮುಚ್ಚಲು ಹಲವು ಕಾರ್ಡುಗಳು ಒಂದಿಷ್ಟು ಕೋಶಗಳನ್ನು ಒಂದೇ ಬಿಟ್ ಲೆಕ್ಕದಲ್ಲಿ ಬೇಗಬೇಗ ತುಂಬಿಕೊಳ್ಳುತ್ತವೆ, ಆಮೇಲೆ ಬಿಡುವು ಸಿಕ್ಕಾಗ ಒತ್ತಾಗಿ ಜೋಡಿಸಿಡುತ್ತವೆ. ಗದ್ದೆಯಿಂದ ಬಂದ ಭತ್ತವನ್ನು ಮೊದಲು ಅಂಗಳದಲ್ಲಿ ಸುರಿದು, ನಿಧಾನಕ್ಕೆ ಕಣಜಕ್ಕೆ ತುಂಬುವ ಹಾಗೆ. ಅಂಗಳ ಖಾಲಿ ಇರುವ ತನಕ ಗಾಡಿಗಳು ಬಂದ ಹಾಗೇ ಸುರಿದು ಹೋಗುತ್ತವೆ. ಅಂಗಳ ತುಂಬಿತೋ, ಗಾಡಿಗಳು ಬಾಗಿಲಲ್ಲೇ ಕಾಯಬೇಕು.

ಆ ರಾತ್ರಿ ಆಗಿದ್ದು ಇದೇ. ಹಲವು ಕ್ಯಾಮೆರಾಗಳು ಎಲ್ಲ ದೃಶ್ಯಕ್ಕೂ ಒಂದೇ ಪ್ರಮಾಣದ ಮಾಹಿತಿ ಬರೆಯುವುದಿಲ್ಲ. ಭಾಗವತರು ಕೂತು ಪದ ಹೇಳುವಾಗ ಚಿತ್ರದಲ್ಲಿ ಬದಲಾವಣೆ ಕಡಿಮೆ, ಮಾಹಿತಿಯೂ ಕಡಿಮೆ. ಬೆಂಕಿ ಹಾರಿದಾಗ, ಹೊಗೆ ಎದ್ದಾಗ, ಜನ ಅತ್ತಿತ್ತ ಸರಿದಾಗ ಚಿತ್ರದ ಮೂಲೆಮೂಲೆಯೂ ಬದಲಾಗುತ್ತದೆ. ಮಾಹಿತಿ ಒಮ್ಮೆಲೇ ಏರುತ್ತದೆ. ನನ್ನ ಕಾರ್ಡಿನ ಅಂಗಳ ಅಷ್ಟು ಹೊತ್ತಿಗೆ ತುಂಬಿರಬೇಕು. ಎಲ್ಲಕ್ಕಿಂತ ನೋಡಲೇಬೇಕಾದ ಗಳಿಗೆಯೇ ಕಾರ್ಡಿಗೆ ಎಲ್ಲಕ್ಕಿಂತ ಭಾರದ ಗಳಿಗೆ. ಮದುವೆಯ ಧಾರೆಯಲ್ಲಿ, ಕಂಬಳದ ಓಟದಲ್ಲಿ, ಮಗು ಮೊದಲ ಹೆಜ್ಜೆ ಇಡುವಾಗ, ಎಲ್ಲ ಕಡೆಯೂ ಹೀಗೆಯೇ.

ಯಾವ ಸಾಧನಕ್ಕೆ ಯಾವ ಗುರುತು

4ಕೆ ವಿಡಿಯೊ ತೆಗೆಯುವ ಕ್ಯಾಮೆರಾ, ಆಕ್ಷನ್ ಕ್ಯಾಮೆರಾ, ಡ್ರೋನ್‌ಗೆ ಯು3 ಅಥವಾ ವಿ30 ಗುರುತು ಇರಲೇಬೇಕು. ಸೆಕೆಂಡಿಗೆ 100ರಿಂದ 150 ಮೆಗಾಬಿಟ್ ಬರೆಯುವ ಸಾಧನಕ್ಕೆ ಇದು ಧಾರಾಳ ಸಾಕು. ಸೆಕೆಂಡಿಗೆ 400 ಮೆಗಾಬಿಟ್ ಬರೆಯುವ ದೊಡ್ಡ ಕ್ಯಾಮೆರಾ ಇದ್ದರೆ ಎಂಟರಿಂದ ಭಾಗಿಸಿ. 50 ಎಂಬಿ ಬಂತು. ಆಗ ವಿ60 ಬೇಕು. ನಿಮ್ಮ ಕ್ಯಾಮೆರಾದ ಪುಸ್ತಿಕೆಯಲ್ಲಿ ಮೆಗಾಬಿಟ್ ಎಷ್ಟು ಎಂದು ನೋಡಿ, ಎಂಟರಿಂದ ಭಾಗಿಸಿ, ಅದಕ್ಕಿಂತ ಮೇಲಿನ ವಿ ಗುರುತು ಹುಡುಕಿ. ಇಷ್ಟೇ ಲೆಕ್ಕ.

ವಿ90 ತೆಗೆದುಕೊಂಡರೆ ಇನ್ನೂ ಒಳ್ಳೆಯದಲ್ವಾ ಎಂದು ಕೇಳುವವರಿದ್ದಾರೆ. ಅಂಥ ಕಾರ್ಡುಗಳ ಹಿಂಬದಿಯಲ್ಲಿ ಚಿನ್ನದ ಬಣ್ಣದ ಪಟ್ಟಿಗಳು ಎರಡು ಸಾಲು ಇರುತ್ತವೆ. ಮುಂದೆ ರೋಮನ್ ಎರಡು ಎಂದು ಬರೆದಿರುತ್ತದೆ. ಇದು ಯುಎಚ್‌ಎಸ್ 2. ಸೆಕೆಂಡಿಗೆ 312 ಎಂಬಿಯವರೆಗೆ ಸಾಗಿಸುವ ದಾರಿ. ಒಂದೇ ಸಾಲು ಪಟ್ಟಿ, ರೋಮನ್ ಒಂದು ಇದ್ದರೆ ಯುಎಚ್‌ಎಸ್ 1. ಅದರ ಮಿತಿ 104 ಎಂಬಿ. ಎರಡು ಸಾಲಿನ ಕಾರ್ಡನ್ನು ಒಂದು ಸಾಲಿನ ಕ್ಯಾಮೆರಾಗೆ ಹಾಕಿದರೆ ಕೆಲಸ ಮಾಡುತ್ತದೆ, ಆದರೆ ಒಂದು ಸಾಲಿನ ವೇಗದಲ್ಲೇ. ದುಡ್ಡು ಸುಮ್ನೆ ಹೋಯಿತು.

ಇಲ್ಲೇ ಇನ್ನೊಂದು ಸಂಶಯವೂ ಬಗೆಹರಿಯುತ್ತದೆ. ರೋಮನ್ ಒಂದು ಎಂದಿರುವ ಕಾರ್ಡಿನ ಮೇಲೂ 170, 200 ಎಂಬಿ ಎಂದು ಬರೆದಿರುತ್ತಾರೆ. ಮಿತಿ 104 ಆದರೆ 200 ಎಲ್ಲಿಂದ ಬಂತು? ಆ ಕಂಪನಿ ತನ್ನದೇ ದಾರಿಯಲ್ಲಿ ಮಿತಿ ದಾಟಿಸಿರುತ್ತದೆ. ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡ್ ರೀಡರಿಗೆ ಆ ದಾರಿ ಗೊತ್ತಿದ್ದರೆ ಮಾತ್ರ ಆ ವೇಗ ಸಿಗುತ್ತದೆ. ನಿಮ್ಮ ಫೋನಿನಲ್ಲೋ ಮಾಮೂಲಿ ರೀಡರಿನಲ್ಲೋ ಸಿಗುವುದು ನೂರರ ಒಳಗೇ. ಇನ್ನು ಹಳೆಯ ಯುಎಸ್‌ಬಿ 2.0 ರೀಡರ್ ಇದ್ದರೆ ಯಾವ ಕಾರ್ಡು ಹಾಕಿದರೂ ಮೂವತ್ತು ನಲವತ್ತು ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಾರ್ಡು ನಿಧಾನ ಎಂದು ಬೈಯುವ ಮೊದಲು ರೀಡರ್ ಬದಲಾಯಿಸಿ ನೋಡಿ.

ಫೋನು, ಟ್ಯಾಬ್ಲೆಟ್‌ನ ಕಥೆ ಬೇರೆ. ವಿಡಿಯೊ ಉದ್ದಕ್ಕೆ ಹರಿಯುವ ಕಡತ. ಆಪ್‌ಗಳು ಹಾಗಲ್ಲ. ಇಲ್ಲಿ ಚೂರು ಓದು, ಅಲ್ಲಿ ಚೂರು ಬರೆ, ಹೀಗೆ ಸೆಕೆಂಡಿಗೆ ನೂರಾರು ಸಲ ಅಲೆಯುತ್ತವೆ. ಇದಕ್ಕಾಗಿಯೇ ಎ1, ಎ2 ಎಂಬ ಗುರುತುಗಳಿವೆ. ಎ1 ಕಾರ್ಡು ಸೆಕೆಂಡಿಗೆ ಕನಿಷ್ಠ 1500 ಸಲ ಚೂರು ಓದುತ್ತದೆ, 500 ಸಲ ಬರೆಯುತ್ತದೆ. ಎ2 ಕಾರ್ಡು 4000 ಮತ್ತು 2000. ಆದರೆ ಎ2 ಪೂರ್ತಿ ಕೆಲಸ ಮಾಡಲು ಫೋನೂ ಅದಕ್ಕೆ ಹೊಂದಬೇಕು. ಹೊಂದದ ಫೋನಿನಲ್ಲಿ ಎ1ಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ. ಬರೀ ಫೋಟೊ, ಹಾಡು, ಸಿನಿಮಾ ಇಡುವುದಾದರೆ ಈ ಗುರುತಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ನಿಮ್ಮ ಫೋನಿನಲ್ಲಿ ಕಾರ್ಡು ಹಾಕುವ ಜಾಗ ಇದೆಯೇ ಎಂದು ಮೊದಲು ನೋಡಿ ಅಂತಲೂ ಹೇಳಬೇಕು. ದುಬಾರಿ ಫೋನುಗಳಲ್ಲಿ ಅದು ಮಾಯವಾಗುತ್ತಿದೆ. ಸ್ಯಾಮ್‌ಸಂಗ್ 2021ರ ಗ್ಯಾಲಕ್ಸಿ ಎಸ್21ರಲ್ಲಿ ಅದನ್ನು ತೆಗೆದುಹಾಕಿತು. ಕಡಿಮೆ ಬೆಲೆಯ ಹಲವು ಫೋನುಗಳಲ್ಲಿ ಇನ್ನೂ ಇದೆ, ಆದರೆ ಕೆಲವದರಲ್ಲಿ ಎರಡನೇ ಸಿಮ್ ಇಲ್ಲವೇ ಕಾರ್ಡು, ಒಂದನ್ನೇ ಹಾಕಲು ಆಗುವುದು.

ಮಕ್ಕಳು ನಿಂಟೆಂಡೊ ಸ್ವಿಚ್ 2 ತಂದಿದ್ದರೆ ಒಂದು ಎಚ್ಚರ. 2025ರಲ್ಲಿ ಬಂದ ಈ ಆಟದ ಸಾಧನದಲ್ಲಿ ಆಟಗಳನ್ನು ಇಡಲು ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೊಸ ಜಾತಿಯ ಕಾರ್ಡೇ ಬೇಕು. ಮನೆಯಲ್ಲಿರುವ ಹಳೆಯ ಕಾರ್ಡು ನಡೆಯುವುದಿಲ್ಲ.

ಗಾತ್ರದ ಬಗ್ಗೆ ಎರಡು ಮಾತು

32 ಜಿಬಿಯವರೆಗಿನ ಕಾರ್ಡಿನ ಮೇಲೆ ಎಸ್‌ಡಿಎಚ್‌ಸಿ ಎಂದಿರುತ್ತದೆ. ಅದಕ್ಕಿಂತ ದೊಡ್ಡದು, 2 ಟಿಬಿಯವರೆಗೆ, ಎಸ್‌ಡಿಎಕ್ಸ್‌ಸಿ. ಹಳೆಯ ಕ್ಯಾಮೆರಾ, ಹಳೆಯ ಕಾರ್ ಸ್ಟೀರಿಯೊಗಳು ಎಚ್‌ಸಿ ಮಾತ್ರ ಓದುತ್ತವೆ. ಅವುಗಳಿಗೆ 128 ಜಿಬಿ ಕಾರ್ಡು ಹಾಕಿದರೆ ಕಣ್ಣೇ ಬಿಡುವುದಿಲ್ಲ. ಎಚ್‌ಸಿ ಕಾರ್ಡುಗಳಲ್ಲಿ ಕಡತ ಜೋಡಿಸಿಡುವ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿ ಒಂದು ಕಡತ 4 ಜಿಬಿ ದಾಟುವಂತಿಲ್ಲ. ಹಾಗಾಗಿ ಉದ್ದದ ರೆಕಾರ್ಡಿಂಗ್ ತುಂಡುತುಂಡಾಗುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ತುಂಡುಗಳ ನಡುವೆ ಅರೆಗಳಿಗೆ ಧ್ವನಿಯೂ ತಪ್ಪಿಹೋಗುತ್ತದೆ. ಪದ್ಯದ ಮಧ್ಯೆ ಅಂಥ ಒಂದು ಸೀಳು ಬಿದ್ದರೆ ಕೇಳುವವರಿಗೆ ಎಷ್ಟು ಕಿರಿಕಿರಿ ಎಂದು ತಾಳಮದ್ದಳೆ ಪ್ರಿಯರಿಗೆ ಹೇಳಬೇಕಾಗಿಲ್ಲ.

64 ಜಿಬಿ ಕಾರ್ಡನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ 59 ಚಿಲ್ಲರೆ ತೋರಿಸುತ್ತದೆ. ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಎಷ್ಟು ದೊಡ್ಡದು ಬೇಕು? 100 ಮೆಗಾಬಿಟ್‌ನ 4ಕೆ ವಿಡಿಯೊ ಒಂದು ಗಂಟೆಗೆ 45 ಜಿಬಿ ನುಂಗುತ್ತದೆ. 128 ಜಿಬಿ ಕಾರ್ಡು ಮೂರು ಗಂಟೆಯೂ ಬಾರದು. ಇಡೀ ರಾತ್ರಿ ನಡೆಯದ, ಕಾಲಮಿತಿಯ ಆಟಕ್ಕೇ ಅದು ಸಾಲುವುದು ಕಷ್ಟ. ಅದೇ ಕ್ಯಾಮೆರಾವನ್ನು 28 ಮೆಗಾಬಿಟ್‌ನ ಫುಲ್ ಎಚ್‌ಡಿಗೆ ಇಳಿಸಿದರೆ ಹತ್ತು ಗಂಟೆ ಬರುತ್ತದೆ. ಚೌಕಿಪೂಜೆಯಿಂದ ಬೆಳಗಿನ ಮಂಗಳದವರೆಗೆ ಒಂದೇ ಕಾರ್ಡು. ಪೂರ್ತಿ ರಾತ್ರಿ ತೆಗೆಯುವಾಗ ನಾನು ಈಗ ಇದನ್ನೇ ಮಾಡುತ್ತೇನೆ. ಮುಖ್ಯ ಪ್ರವೇಶಗಳಿಗೆ ಮಾತ್ರ 4ಕೆ.

ಸವೆತ

ಕಾರ್ಡು ಸವೆಯುತ್ತದೆ ಎಂದರೆ ಎಷ್ಟೋ ಜನ ನಂಬುವುದಿಲ್ಲ. ತಿರುಗುವ ಭಾಗವೇ ಇಲ್ಲವಲ್ಲ ಎನ್ನುತ್ತಾರೆ. ಸವೆಯುವುದು ಕೋಶದ ಒಳಗಿನ ತೆಳು ಪದರ. ವಿದ್ಯುತ್ತನ್ನು ಒಳಗೆ ನೂಕುವಾಗ, ಹೊರಗೆ ಎಳೆಯುವಾಗ ಅದು ಆ ಪದರ ದಾಟಬೇಕು. ಪ್ರತಿ ಸಲವೂ ಪದರಕ್ಕೆ ಚೂರು ಪೆಟ್ಟು. ಮೂರು ಬಿಟ್‌ನ ಕೋಶ ಸುಮಾರು ಸಾವಿರದಿಂದ ಮೂರು ಸಾವಿರ ಸಲ ಬರೆದು ಅಳಿಸುವುದನ್ನು ತಡೆಯುತ್ತದೆ. ನಾಲ್ಕು ಬಿಟ್‌ನದು ಅದಕ್ಕೂ ಕಡಿಮೆ. ಓದುವುದರಿಂದ ಸವೆತ ತೀರಾ ಕಡಿಮೆ. ಅದಕ್ಕೇ ಹಾಡು ತುಂಬಿಟ್ಟ ಕಾರ್ಡು ಹತ್ತು ವರ್ಷ ಬರುತ್ತದೆ, ಕಾರಿನೊಳಗೆ ಕೂತು ರಸ್ತೆಯನ್ನು ಸದಾ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್‌ನ ಕಾರ್ಡು ಬೇಗ ಸಾಯುತ್ತದೆ.

ಒಂದು ಲೆಕ್ಕ ನೋಡಿ. ಟ್ಯಾಕ್ಸಿಯೊಂದರ ಡ್ಯಾಶ್‌ಕ್ಯಾಮ್ ಸೆಕೆಂಡಿಗೆ 15 ಮೆಗಾಬಿಟ್ ಬರೆಯುತ್ತದೆ ಎಂದುಕೊಳ್ಳಿ. ಗಂಟೆಗೆ 6.75 ಜಿಬಿ ಆಯಿತು. ದಿನಕ್ಕೆ 12 ಗಂಟೆ ಓಡಿದರೆ 81 ಜಿಬಿ. 64 ಜಿಬಿ ಕಾರ್ಡಾದರೆ ದಿನಕ್ಕೆ ಒಂದೂಕಾಲು ಸಲ ಪೂರ್ತಿ ಅಳಿಸಿ ಬರೆದ ಹಾಗೆ. ವರ್ಷಕ್ಕೆ ಸುಮಾರು 460 ಸಲ. ಕಂಟ್ರೋಲರ್ ಒಳಗೊಳಗೇ ಮಾಡುವ ನಕಲು ಸೇರಿದರೆ ಇನ್ನೂ ಜಾಸ್ತಿ. ಸಾವಿರದ ಆಯುಸ್ಸು ಎರಡು ವರ್ಷದೊಳಗೆ ಮುಗಿಯುತ್ತದೆ. ಅದೇ ಜಾಗಕ್ಕೆ 128 ಜಿಬಿ ಹಾಕಿದರೆ ಸುತ್ತು ಅರ್ಧಕ್ಕೆ ಇಳಿಯುತ್ತದೆ. ಕಂಟ್ರೋಲರ್ ಎಲ್ಲ ಕೋಶಗಳಿಗೂ ಸರದಿಯಲ್ಲಿ ಕೆಲಸ ಹಂಚುವುದರಿಂದ, ಕಾರ್ಡು ದೊಡ್ಡದಾದಷ್ಟೂ ಒಂದೊಂದು ಕೋಶದ ಮೇಲೆ ಬೀಳುವ ಹೊರೆ ಕಡಿಮೆ. ಡ್ಯಾಶ್‌ಕ್ಯಾಮ್‌ಗೆ ಸಣ್ಣ ಕಾರ್ಡು ಸಾಕು ಎನ್ನುವ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಇಂಥ ಕೆಲಸಕ್ಕೆ ಎಂಡ್ಯೂರೆನ್ಸ್ ಎಂದು ಹೆಸರಿರುವ ಕಾರ್ಡುಗಳಿವೆ. ಡ್ಯಾಶ್‌ಕ್ಯಾಮ್, ಸಿಸಿಟಿವಿ ಎರಡಕ್ಕೂ ಅದನ್ನೇ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಇಷ್ಟು ಸಾವಿರ ಗಂಟೆ ಎಂದು ಬರೆದಿರುತ್ತಾರೆ. ಆ ಗಂಟೆಗಳು ಸಾಮಾನ್ಯವಾಗಿ ಫುಲ್ ಎಚ್‌ಡಿ ಲೆಕ್ಕದ್ದು. 4ಕೆ ಕ್ಯಾಮೆರಾಗೆ ಹಾಕಿದರೆ ಅಷ್ಟು ಬರುವುದಿಲ್ಲ. ಇನ್ನೊಂದು ಮಾತು: ಹಲವು ಕಂಪನಿಗಳು ಸಾಮಾನ್ಯ ಕಾರ್ಡನ್ನು ಹಗಲೂ ರಾತ್ರಿ ರೆಕಾರ್ಡಿಂಗ್‌ಗೆ ಬಳಸಿದರೆ ವಾರಂಟಿ ಕೊಡುವುದಿಲ್ಲ. ಸಣ್ಣ ಅಕ್ಷರದಲ್ಲಿ ಅದೂ ಬರೆದಿರುತ್ತದೆ.

ನೀರು, ಎಕ್ಸ್‌ರೇ, ಅಯಸ್ಕಾಂತ ತಡೆಯುತ್ತದೆ ಎಂಬ ಚಿತ್ರಗಳಿಗೆ ಹೆಚ್ಚು ದುಡ್ಡು ಕೊಡಬೇಡಿ. ಮೈಕ್ರೊ ಎಸ್‌ಡಿ ಕಾರ್ಡು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಗಟ್ಟಿ ತುಂಡು. ಮಳೆಯಲ್ಲಿ ನೆಂದ, ಷರ್ಟಿನ ಜೇಬಿನಲ್ಲೇ ವಾಷಿಂಗ್ ಮೆಷಿನ್ನಿಗೆ ಹೋದ ಕಾರ್ಡೂ ಒಣಗಿಸಿದ ಮೇಲೆ ಸಾಮಾನ್ಯವಾಗಿ ಎದ್ದು ಕೂರುತ್ತದೆ. ನಿಜವಾದ ಶತ್ರು ಶಾಖ. ಹೆಚ್ಚಿನ ಕಾರ್ಡುಗಳು 85 ಡಿಗ್ರಿಯವರೆಗೆ ಕೆಲಸ ಮಾಡುತ್ತವೆ ಎನ್ನುತ್ತಾರೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಎಷ್ಟು ಸುಡುತ್ತದೆ ಎಂದು ಕೈಯಿಟ್ಟವರಿಗೆ ಗೊತ್ತು. ಅಂಥ ಶಾಖದಲ್ಲಿ ಕೋಶದೊಳಗೆ ಸೆರೆಯಿರುವ ವಿದ್ಯುತ್ ಬೇಗ ಸೋರುತ್ತದೆ. ಸವೆದ ಕಾರ್ಡಿನಲ್ಲಿ ಇನ್ನೂ ಬೇಗ.

ಕಾರ್ಡು ಸಾಯುವ ಬಗೆಯೂ ತಿಳಿದಿರಲಿ. ಕೆಲವು ಕಾರ್ಡುಗಳು ಇನ್ನು ಬರೆಯಲಾಗದು ಎಂದಾಗ ಓದಲು ಮಾತ್ರ ಬಿಡುತ್ತವೆ. ಫೋಟೊ ಅಳಿಸಿದರೆ ಅಳಿದಂತೆ ಕಾಣುತ್ತದೆ, ಕಾರ್ಡು ತೆಗೆದು ಹಾಕಿದರೆ ಮತ್ತೆ ಅಲ್ಲೇ ಇರುತ್ತದೆ. ಹೀಗಾದರೆ ಇರುವುದನ್ನೆಲ್ಲ ನಕಲು ಮಾಡಿಕೊಂಡು ಕಾರ್ಡು ಬಿಟ್ಟುಬಿಡಿ. ಡ್ಯಾಶ್‌ಕ್ಯಾಮ್‌ನಲ್ಲಿ ಇದು ಅಪಾಯ. ದೀಪ ಉರಿಯುತ್ತಿರುತ್ತದೆ, ಒಳಗೆ ಹೊಸದೇನೂ ಸೇರುತ್ತಿರುವುದಿಲ್ಲ. ಅಪಘಾತ ಆದ ದಿನ ನೋಡಿದರೆ ಮೂರು ತಿಂಗಳ ಹಿಂದಿನ ರಸ್ತೆ ಕಾಣುತ್ತದೆ. ತಿಂಗಳಿಗೊಮ್ಮೆ ನಿನ್ನೆಯ ದೃಶ್ಯ ಇದೆಯೇ ಎಂದು ತೆರೆದು ನೋಡಿ.

ನಕಲಿ ಕಾರ್ಡು

ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಅತಿ ಹೆಚ್ಚು ನೆನಪುಗಳು ಕಳೆದುಹೋಗುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ.

ತೀರಾ ಕಡಿಮೆ ಬೆಲೆಗೆ 1 ಟಿಬಿ ಕಾರ್ಡು ಸಿಕ್ಕರೆ ಅದರೊಳಗೆ 16 ಅಥವಾ 32 ಜಿಬಿ ಚಿಪ್ ಇರಬಹುದು. ಕಂಟ್ರೋಲರ್‌ಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಫೋನು ಕೇಳಿದರೆ 1 ಟಿಬಿ ಎನ್ನುತ್ತದೆ. ಮೊದಲ ಕೆಲವು ವಾರ ಎಲ್ಲ ಸರಿ. ನಿಜವಾದ ಜಾಗ ಮುಗಿದ ಮೇಲೂ ಅದು ಬೇಡ ಎನ್ನುವುದಿಲ್ಲ. ಹೊಸ ಫೋಟೊವನ್ನು ಎಸೆಯುತ್ತದೆ, ಇಲ್ಲವೇ ಹಳೆಯದರ ಮೇಲೆಯೇ ಬರೆಯುತ್ತದೆ. ಆದರೆ ಕಡತಗಳ ಪಟ್ಟಿ ಕಾರ್ಡಿನ ಶುರುವಿನಲ್ಲಿ, ನಿಜವಾಗಿ ಇರುವ ಜಾಗದಲ್ಲಿ ಕೂತಿರುತ್ತದೆ. ಹಾಗಾಗಿ ಹೆಸರುಗಳೆಲ್ಲ ಕಾಣುತ್ತವೆ. ಗಾತ್ರವೂ ಸರಿಯಾಗಿ ಕಾಣುತ್ತದೆ. ತೆರೆದರೆ ಬೂದು ಬಣ್ಣದ ಚೌಕ. ಗೆಳೆಯನ ಮಗಳ ನಾಮಕರಣದ ಫೋಟೊಗಳನ್ನು ಹೀಗೆ ಒಂದೊಂದೇ ತೆರೆಯುತ್ತಾ ಹೋದೆವು. ಮೊದಲ ಇನ್ನೂರು ಚೆನ್ನಾಗಿದ್ದವು. ಆಮೇಲೆ ಅರ್ಧ ಚಿತ್ರ, ಕೆಳಗರ್ಧ ಬೂದು. ಆಮೇಲೆ ಬರೀ ಬೂದು. ಅವು ಅಳಿಸಿಹೋದ ಫೋಟೊಗಳಲ್ಲ, ಯಾವತ್ತೂ ಬರೆಯದೇ ಇದ್ದ ಫೋಟೊಗಳು. ಯಾವ ತಂತ್ರಾಂಶವೂ ಅವನ್ನು ಹುಡುಕಿ ಕೊಡಲಾರದು.

ಡಬ್ಬಿ, ಹೊಲೋಗ್ರಾಮ್, ಅಕ್ಷರದ ಅಚ್ಚು ನೋಡಿ ಕಂಡುಹಿಡಿಯುತ್ತೇನೆ ಎನ್ನುವ ಧೈರ್ಯ ನನಗಿಲ್ಲ. ನಕಲು ಮಾಡುವವರು ಅದನ್ನೂ ಚೆನ್ನಾಗಿ ಮಾಡುತ್ತಾರೆ. ನಂಬಬಹುದಾದ ದಾರಿ ಒಂದೇ. ಕಾರ್ಡನ್ನು ಪೂರ್ತಿ ತುಂಬಿಸಿ, ತುಂಬಿಸಿದ್ದನ್ನು ಮತ್ತೆ ಓದಿ ಹೋಲಿಸಬೇಕು. ಇದಕ್ಕೆ ಉಚಿತ ಸಾಧನಗಳಿವೆ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ಗೆ ಎಫ್3. ಖಾಲಿ ಕಾರ್ಡು ಹಾಕಿ ಓಡಿಸಿದರೆ ಗೊತ್ತಿರುವ ಅಂಕಿಗಳನ್ನು ಕೊನೆಯವರೆಗೆ ಬರೆದು, ಮತ್ತೆ ಓದಿ, ಎಷ್ಟು ಜಿಬಿ ನಿಜ ಎಂದು ಹೇಳುತ್ತವೆ. ಬರೆಯುವ ವೇಗವನ್ನೂ ತೋರಿಸುತ್ತವೆ. ಅಂಗಳ ತುಂಬಿದ ಮೇಲಿನ ನಿಜವಾದ ವೇಗ ಎಷ್ಟು ಎಂದು ಅಲ್ಲೇ ತಿಳಿಯುತ್ತದೆ. ಸೆಕೆಂಡಿಗೆ 30 ಎಂಬಿ ಬರೆಯುವ 128 ಜಿಬಿ ಕಾರ್ಡು ತುಂಬಲು ಒಂದು ಗಂಟೆ ಹತ್ತು ನಿಮಿಷ ಬೇಕು, ಓದಲು ಇನ್ನಷ್ಟು. ಊಟಕ್ಕೆ ಕೂರುವ ಮೊದಲು ಹಚ್ಚಿಬಿಡಿ. ವಾಪಸ್ ಮಾಡುವ ಗಡುವು ಮುಗಿಯುವುದರೊಳಗೆ ಇದನ್ನು ಮಾಡಿ ಮುಗಿಸಿ.

ಬಳಸುವಾಗ

ಕ್ಯಾಮೆರಾದ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಅಳಿಸಿ ಹೊಸದಾಗಿ ಅಣಿ ಮಾಡಿ. ಬೇರೆ ಬೇರೆ ಸಾಧನಗಳ ನಡುವೆ ಒಂದೇ ಕಾರ್ಡನ್ನು ಓಡಾಡಿಸಬೇಡಿ. ದೀಪ ಮಿನುಗುತ್ತಿರುವಾಗ ಕಾರ್ಡು ಎಳೆಯಬೇಡಿ. ಆ ಹೊತ್ತಿನಲ್ಲಿ ಕಡತಗಳ ಪಟ್ಟಿಯೇ ಬರೆಯುತ್ತಿದ್ದರೆ ಇಡೀ ಕಾರ್ಡು ಖಾಲಿ ಎಂದು ಕಾಣಬಹುದು.

ಏನಾದರೂ ತಪ್ಪಿ ಅಳಿಸಿದರೆ ತಕ್ಷಣ ಕಾರ್ಡು ಹೊರಗೆ ತೆಗೆದಿಡಿ. ಅಳಿಸುವುದು ಎಂದರೆ ಹೆಚ್ಚಿನ ಸಲ ಪಟ್ಟಿಯಿಂದ ಹೆಸರು ತೆಗೆಯುವುದು ಅಷ್ಟೇ. ಮೇಲೆ ಹೊಸತು ಬರೆಯುವ ತನಕ ಒಳಗಿನದು ಉಳಿದಿರುತ್ತದೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಇಂಥದ್ದನ್ನು ಎಷ್ಟೋ ಸಲ ಮರಳಿ ತೆಗೆದುಕೊಟ್ಟಿದೆ.

ಮೈಕ್ರೊ ಎಸ್‌ಡಿಗೆ ಹಾಕುವ ದೊಡ್ಡ ಅಡಾಪ್ಟರಿನ ಎಡ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಗುಂಡಿ ಇದೆ. ಅದನ್ನು ಕೆಳಕ್ಕೆ ಸರಿಸಿದರೆ ಲಾಕ್. ಅದು ಬರೀ ಪ್ಲಾಸ್ಟಿಕ್. ಒಳಗಿನ ಕಾರ್ಡಿಗೆ ಅದರ ಸುದ್ದಿಯೇ ತಿಳಿಯದು. ಕ್ಯಾಮೆರಾ ಆ ಗುಂಡಿ ಎಲ್ಲಿದೆ ಎಂದು ಮುಟ್ಟಿ ನೋಡಿ ತಾನೇ ಸುಮ್ಮನಿರುತ್ತದೆ. ಬಳಸಿ ಬಳಸಿ ಗುಂಡಿ ಸಡಿಲವಾದರೆ ಒಳಗೆ ತಳ್ಳುವಾಗಲೇ ಲಾಕ್ ಆಗುತ್ತದೆ. ಗುಂಡಿ ಬಿದ್ದೇ ಹೋದರೆ ಆ ತೋಡಿನ ಮೇಲೆ ಸಣ್ಣ ಸೆಲ್ಲೋಟೇಪ್ ತುಂಡು ಅಂಟಿಸಿ. ಕ್ಯಾಮೆರಾ ಮತ್ತೆ ಬರೆಯಲು ಶುರು ಮಾಡುತ್ತದೆ.

ನನ್ನ ಚೀಲದಲ್ಲಿ ಈಗ ವಿ30 ಗುರುತಿನ 128 ಜಿಬಿಯ ಎರಡು ಕಾರ್ಡುಗಳಿವೆ. ಒಂದೇ 256 ತೆಗೆದುಕೊಳ್ಳಬಹುದಿತ್ತು. ಆದರೆ ಒಂದು ಕೈಕೊಟ್ಟರೆ ಅರ್ಧ ರಾತ್ರಿಯ ಆಟವಾದರೂ ಉಳಿಯಲಿ ಎಂದು ಎರಡು. ಎರಡನ್ನೂ ತಂದ ದಿನವೇ ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿದ್ದೇನೆ. ಪ್ಲಾಸ್ಟಿಕ್ ಡಬ್ಬಿಯ ಮೇಲೆ ತಂದ ತಿಂಗಳು ಬರೆದು ಅಂಟಿಸಿದ್ದೇನೆ. ಆಟ ಮುಗಿಸಿ ಬೆಳಿಗ್ಗೆ ಏಳಕ್ಕೆ ಮನೆಗೆ ಬಂದರೆ ಮಲಗುವ ಮೊದಲು ಕಾರ್ಡು ರೀಡರಿಗೆ ಹೋಗುತ್ತದೆ. ಹೊಸ ರೀಡರಿನಲ್ಲಿ ತುಂಬಿದ ಕಾರ್ಡು ಖಾಲಿಯಾಗಲು ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಸ್ನಾನ, ಕಾಫಿ ಆಗುತ್ತದೆ. ಎರಡು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಶುರು, ನಡು, ಕೊನೆ ಮೂರು ಕಡೆ ತೆರೆದು ನೋಡಿ, ಧ್ವನಿ ಕೇಳಿ, ಆಮೇಲೆ ಕಾರ್ಡನ್ನು ಕ್ಯಾಮೆರಾಗೆ ಹಾಕಿ ಫಾರ್ಮ್ಯಾಟ್ ಮಾಡಿ ಮಲಗುತ್ತೇನೆ. ಮಾವ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ, ಪ್ರವೇಶ ಬಂದಿದೆಯಾ ಅಂತ.